ಮೂರು ಗಿಡದ ಸಾರು

ಹಿತ್ತಲಲ್ಲಿ ಮೂರು ಬಗೆಯ ಟೊಮ್ಯಾಟೊ ಹಾಕಿದ್ದೆ. ಹೊಸಪೇಟೆಯಲ್ಲಿ ನಮ್ಮ ಮನೆ ಸಂಡೂರು ರಸ್ತೆಗೆ ಅಂಟಿಕೊಂಡಿದೆ. ಅದಿರಿನ ಲಾರಿಗಳ ಕೆಂಪು ದೂಳು ಎಲೆಗಳ ಮೇಲೆ ಕೂರುತ್ತದೆ. ಈ ದೂಳಿನಲ್ಲಿ ಯಾವ ತಳಿ ಬಾಳುತ್ತದೆ ನೋಡು ಎಂದು ಅತ್ತೆ ಸೀತಾಬಾಯಿಯೇ ನನ್ನನ್ನು ಹಿತ್ತಲಿಗೆ ಅಟ್ಟಿದ್ದರು.

"ಸಸ್ಯಶಾಸ್ತ್ರ ಓದಿದಾಕಿ ಗ್ವಾಡಿ ನೋಡ್ಕೋತ ಕೂತ್ರ ಹೆಂಗ?"

ನನ್ನ ಗಂಡ ವಾಸುದೇವ ಗಣಿಯಲ್ಲಿ ಸರ್ವೇಯರ್ ಆಗಿದ್ದರು. ಹೋದ ಮಳೆಗಾಲದಲ್ಲಿ ಅವರ ಜೀಪು ಘಾಟಿಯಲ್ಲಿ ಉರುಳಿತು. ಅಂದಿನಿಂದ ನನಗೆ ಯಾವುದರ ರುಚಿಯೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಮಗನನ್ನು ಕಳೆದುಕೊಂಡವರು ನನಗಾಗಿ ಒಲೆ ಹಚ್ಚುತ್ತಿದ್ದರು. ಅವರು ಕೇಳಿದಾಗಲೆಲ್ಲ "ಛಲೋ ಆಗ್ಯದ" ಎನ್ನುತ್ತಿದ್ದೆ.

ಅಂಗಡಿಯಿಂದ ತಂದ ಹೈಬ್ರಿಡ್ ಎಲ್ಲಕ್ಕಿಂತ ಹೆಚ್ಚು ಕಾಯಿ ಬಿಟ್ಟಿತು. ದಪ್ಪ ಸಿಪ್ಪೆ, ದೂಳು ತೊಳೆದರೆ ಹೊಳೆಯುತ್ತಿತ್ತು. ಪಾತ್ರೆ ತಿಕ್ಕುವ ಜಂಬವ್ವ ಮಲಪನಗುಡಿಯಿಂದ ತಂದುಕೊಟ್ಟ ಜವಾರಿ ಬೀಜದ ಗಿಡದಲ್ಲಿ ಹೂ ಬಹಳ ಉದುರಿತು. ಉಳಿದ ಹಣ್ಣುಗಳೂ ಬಿರಿದವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾನಾಗಿ ಹುಟ್ಟಿದ ಗೋಲಿಗಾತ್ರದ್ದು ಮಾತ್ರ ದೂಳನ್ನು ಲೆಕ್ಕಕ್ಕೇ ಇಡಲಿಲ್ಲ.

"ಹೈಬ್ರಿಡ್ ಅಂದ್ರ ಲಗ್ನಕ್ಕ ಬಂದ ಬೀಗರಿದ್ದಂಗ್ರಿ ಅಮ್ಮಾರ. ನೋಡಾಕ ಮಸ್ತ್, ಅಷ್ಟ," ಎಂದಳು ಜಂಬವ್ವ.

"ನಿನ್ನ ಜವಾರಿ ಏನ್ ಕಡಿಮಿ? ನಿನ್ನ ಹಿಮ್ಮಡಿಗತೆ ಮೈಯೆಲ್ಲಾ ಬಿರುಕು," ಎಂದರು ಅತ್ತೆ.

ಇವತ್ತು ತೀರ್ಮಾನವಾಗಲಿ ಎಂದು ಅತ್ತೆ ಮಡಿಯುಟ್ಟು ಮೂರು ಪಾತ್ರೆಗಳಲ್ಲಿ ಮೂರು ಸಾರು ಮಾಡಿದರು. ನೈವೇದ್ಯಕ್ಕೆ ಮುಂಚೆ ನಮ್ಮಲ್ಲಿ ರುಚಿ ನೋಡುವಂತಿಲ್ಲ. ಉಪ್ಪು, ಹುಳಿ ಎಲ್ಲ ಕೈಯಳತೆ. ಕುದಿಯುವ ವಾಸನೆಯ ಮೇಲೆ ಅಂದಾಜು. ಹಿತ್ತಲ ಬಾಗಿಲಲ್ಲಿ ಜಂಬವ್ವನ ಬಾಯಿ ನಡೆದೇ ಇತ್ತು. ಅತ್ತೆ ಒಗ್ಗರಣೆ ಹಾಕುತ್ತಲೇ ಅವಳಿಗೆ ಜವಾಬು ಕೊಡುತ್ತಿದ್ದರು.

ನೈವೇದ್ಯವಾದ ಮೇಲೆ ನನಗೆ ಮೊದಲು ಬಡಿಸಿದರು. ಮೂರರಲ್ಲೂ ಅನ್ನ ಕಲಸಿ ತಿಂದೆ.

"ಹೆಂಗವ?"

"ಮೂರೂ ಛಲೋ ಅವ ಅತ್ತೆ. ಜವಾರಿ ಸ್ವಲ್ಪ ಹುಳಿ ಮುಂದು," ಎಂದೆ. ಜವಾರಿ ಎಂದರೆ ಹುಳಿಯಿರಲೇಬೇಕಲ್ಲ.

ಜಂಬವ್ವ ಲೋಟಕ್ಕೆ ಹಾಕಿಸಿಕೊಂಡು ಮೂರನ್ನೂ ಒಂದೊಂದು ಗುಟುಕು ಕುಡಿದಳು.

"ಅಯ್ಯ ಅಮ್ಮಾರ, ಉಪ್ಪೂ ಲಾರಿ ಹತ್ತಿ ಹೋಗೇತೇನ್ರಿ? ಒಂದ್ರಾಗೂ ಇಲ್ಲಲ್ರಿ!"

ಅತ್ತೆ ಹಣೆ ಚಚ್ಚಿಕೊಂಡು ನಕ್ಕರು. ನಗುತ್ತಲೇ ನನ್ನ ತಟ್ಟೆ ನೋಡಿದರು. ಅದು ಖಾಲಿಯಾಗಿತ್ತು. ನಗು ನಿಂತಿತು.

"ಯಾವಾಗಿಂದ ಹಿಂಗ?"

ಜಂಬವ್ವ ಲೋಟ ಹಿಡಿದು ಸದ್ದಿಲ್ಲದೆ ನಲ್ಲಿಯ ಕಡೆ ಹೋದಳು.

ಅತ್ತೆ ಬಂದು ನನ್ನ ಗಲ್ಲ ಹಿಡಿದರು. ಅವರದಿನ್ನೂ ಊಟವಾಗಿರಲಿಲ್ಲ. ಮಡಿ ಕೆಟ್ಟಿತೆಂದು ನಾನು ಹಿಂದೆ ಸರಿದೆ.

"ಕೆಡ್ಲಿ ಬಿಡು."

ಈಳಿಗೆ ಎಳೆದುಕೊಂಡು ಮೂರು ಗಿಡದ ಹಣ್ಣನ್ನೂ ಹೆಚ್ಚಿದರು. ಎದುರಿಗೆ ಕೂತು ಒಂದು ಹೋಳು ನನ್ನ ಬಾಯಿಗಿಟ್ಟರು.

"ಇದು?"

"ಛಲೋ..." ಎಂದವಳು ನಿಲ್ಲಿಸಿದೆ. "ಗೊತ್ತಾಗವಲ್ದು."

"ಇದು?"

"ಗೊತ್ತಾಗವಲ್ದು ಅತ್ತೆ."

ಮೂರನೆಯದಕ್ಕೆ ಇಲ್ಲವೆಂದು ತಲೆಯಾಡಿಸಿದೆ. ಅವರು ಸೆರಗಿನಿಂದ ನನ್ನ ಗಲ್ಲದ ಮೇಲಿನ ರಸ ಒರೆಸಿದರು, ಆಮೇಲೆ ಕಣ್ಣು.

"ನಾಳೆ ಮತ್ತ ಕೇಳ್ತೀನಿ," ಎಂದರು. "ಸುಮ್ಸುಮ್ಮನ ಛಲೋ ಅದ ಅಂದ್ರ ನೋಡು."