ಸೀಟಿನ ಕೆಳಗಿನ ಡಗ್ಗಾ

"ಬಾಸೇ ಇಲ್ಲ ಈ ಸ್ಪೀಕರ್‌ನಾಗೆ, ಧಮ್ ಅನ್ನದೇ ಇಲ್ಲ!" ಎಂದು ದಿನೇಶ್ ಹಿಂದಿನ ಸೀಟಿನಿಂದ ಕೂಗಿದ.

ಸ್ಟಿಯರಿಂಗ್ ಹಿಡಿದಿದ್ದ ಸುಧಾ ಕನ್ನಡಿಯಲ್ಲೇ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು. ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿದೆ, ಇವನಿಗೆ ಇನ್ನೇನು ಬೇಕಂತೆ? ಹೊಲಿಗೆ ಮಿಷನ್ ತುಳಿದು ಸ್ವಂತ ಅಂಗಡಿ ಮಾಡಿದವಳಿಗೆ ಇದು ಮೊದಲ ಕಾರು. ಬುಕ್ ಮಾಡುವ ಮುಂಚೆ ಓಡಿಸಿ ನೋಡಿ ಎಂದು ದಾವಣಗೆರೆಯ ಶೋರೂಮಿನವರು ಗಾಡಿ ಕೊಟ್ಟಿದ್ದೇ ತಡ, ಹಳೇ ಪಿ.ಬಿ. ರಸ್ತೆ ಹಿಡಿದು ಹರಿಹರದ ದಾರಿಗೆ ಬಿಟ್ಟಿದ್ದಳು. ಖುಷಿಗೆ ಮೈಯೆಲ್ಲ ಹಗುರಾಗಿತ್ತು.

"ಸರ್, ಇದು ಟಾಪ್ ಮಾಡೆಲ್. ಸ್ಪೀಕರ್ ಕಂಪನಿಯದ್ದೇ. ಹೊರಗಡೆ ಒಂದು ವೈರ್ ಕಟ್ ಮಾಡಿಸಿದ್ರೂ ವಾರಂಟಿಗೆ ತೊಂದರೆ ಆಗುತ್ತೆ," ಎಂದಳು ದಿನೇಶನ ಪಕ್ಕ ಕೂತಿದ್ದ ಶೋರೂಮಿನ ಹುಡುಗಿ ಭವ್ಯಾ. ಊರೊಳಗೇ ಒಂದು ಸುತ್ತು ಎಂದು ಹೊರಟ ಗಾಡಿ ಊರು ದಾಟಿದ್ದಕ್ಕೆ ಅವಳಿಗೆ ಆಗಲೇ ಅರ್ಧ ಜೀವ ಹೋಗಿತ್ತು.

"ಹರಿಹರ್ದಾಗೆ ಕಾರಿಗೆ ಸ್ಪೀಕರ್ ಕೂಡ್ಸೋ ನಮ್ಮ ಮಕ್ತುಮ್ ಸಾಬ್ ಅದಾನಮ್ಮ. ಕೆಳಗಿನ ಮಾಡೆಲ್ ತಗಂಡು ಅವ್ನ ಕೈಗೆ ಕೊಟ್ರೆ ಎದೆ ನಡುಗಂಗೆ ಮಾಡ್ತಾನೆ."

"ಎದೆ ಯಾಕ್ರಿ ನಡುಗ್ಬೇಕು? ಹಾಡು ಕೇಳಾಕೋ, ಇಸಿಜಿ ಮಾಡ್ಸಾಕೋ?" ಎಂದಳು ಸುಧಾ.

ವಾರದಿಂದ ಮನೆಯಲ್ಲಿ ಇದೇ ರಾಮಾಯಣ. ಇಬ್ಬರ ಜಗಳದ ನಡುವೆ ಮುಂದಿನ ಸೀಟಿನಲ್ಲಿ ಸುಧಾಳ ಮಾವ ಮಾಲತೇಶಪ್ಪ ಬೆಲ್ಟು ಬಿಗಿದುಕೊಂಡು, ಹೊರಗಿನ ಭತ್ತದ ಗದ್ದೆ ನೋಡುತ್ತ ಕೂತಿದ್ದರು. ಅವರನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಹತ್ತಿ ಗಿರಣಿಯ ಮಗ್ಗಗಳ ಗದ್ದಲದಲ್ಲೇ ಅವರ ವಯಸ್ಸು ಕಳೆದಿತ್ತು. ಅಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಕೆಲಸಗಾರರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಮುಷ್ಟಿ ಬಿಗಿದರೆ ಮಗ್ಗ ನಿಲ್ಲಿಸು ಎಂದರ್ಥ. ಅಂಗೈ ಅತ್ತಿತ್ತ ತೂಗಿದರೆ ನಿಲ್ಲಿಸಬೇಡ, ಓಡಲಿ. ಗಿರಣಿ ಮುಚ್ಚಿದ ಮೇಲೆ ಈ ಸನ್ನೆಗಳು ಮನೆಗೆ ಬಂದವು. ಸಾರು ಸಾಕೆಂದರೆ ಮುಷ್ಟಿ, ಇನ್ನಷ್ಟು ಬರಲಿ ಎಂದರೆ ಅಂಗೈ. ಎಲ್ಲರೂ ಕೈಯಲ್ಲೇ ಮಾತಾಡುವ ಮನೆಯಲ್ಲಿ ಮಾವನ ಕಿವಿ ಎಷ್ಟು ಮಂದವಾಗಿದೆ ಎಂದು ಯಾರಿಗೂ ಗೊತ್ತಾಗಲೇ ಇಲ್ಲ.

ಗೊತ್ತಾದದ್ದು ಆಂಜನೇಯನ ಗುಡಿಯ ಶನಿವಾರದ ಭಜನೆಯಲ್ಲಿ. ಪದ ಮುಗಿದಿದ್ದರೂ ಮಾಲತೇಶಪ್ಪನವರ ತಬಲಾ ನಿಂತಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಮಾವ ಮನೆಗೆ ಬಂದವರೇ ಬಲಗೈಯ ತಬಲಾ, ಎಡಗೈಯ ದಪ್ಪ ದನಿಯ ಡಗ್ಗಾ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಕಿವಿಗೆ ಮಿಷನ್ ತಂದುಕೊಟ್ಟರೆ ಅದನ್ನೂ ಡಬ್ಬಿಯಿಂದ ತೆಗೆಯಲಿಲ್ಲ. ಹತ್ತಿರದಲ್ಲೇ, ಚೊಕ್ಕಟವಾಗಿ ಹಾಡು ಬಂದರೆ ಮಾವನಿಗೆ ಕೇಳೀತು ಎಂಬುದು ಸುಧಾಳ ಆಸೆ. ಟಾಪ್ ಮಾಡೆಲ್ಲೇ ಬೇಕೆಂದು ಅವಳು ಹಟ ಹಿಡಿದದ್ದು ಅದಕ್ಕೇ. ಗಂಡನಿಗೂ ಹೇಳಿರಲಿಲ್ಲ.

ಹರಿಹರ ಹತ್ತಿರವಾಗುತ್ತಿದ್ದಂತೆ ಅವಳು ಗಾಡಿ ಬದಿಗೆ ಹಾಕಿ, ಭಜನೆಯ ಪದವೊಂದನ್ನು ಹಚ್ಚಿ, ದನಿ ಏರಿಸಿದಳು.

"ಮಾವ, ಕೇಳ್ತೈತಾ?"

ಮಾಲತೇಶಪ್ಪ ಅವಳ ತುಟಿ ನೋಡಿದರು. ಸೊಸೆಗೆ ಬೇಸರವಾಗದಿರಲಿ ಎಂಬಂತೆ ನಕ್ಕು, ಮೆಲ್ಲಗೆ ಮುಷ್ಟಿ ಬಿಗಿದರು. ಸಾಕು, ನಿಲ್ಲಿಸು. ಸುಧಾಳಿಗೆ ಅಳುವೇ ಬಂತು. ಪಾಪ, ಭವ್ಯಾ ಏನೂ ತಿಳಿಯದೆ ನೀರಿನ ಬಾಟಲಿ ಮುಂದೆ ಹಿಡಿದಳು.

ದಿನೇಶ್ ಬಿಡದೆ ಕರೆದುಕೊಂಡು ಹೋದ ಮಕ್ತುಮ್ ಸಾಬ್‌ನ ಅಂಗಡಿ ಮುಂದೆ ಸಾಬನದೇ ಹಳೇ ಕಾರು ನಿಂತಿತ್ತು. "ಬರ್ರಿ ಅಕ್ಕಾರೆ, ಕೂಡ್ರಿ. ಕೇಳಿ ನೋಡ್ರಿ, ಆಮೇಲೆ ಬೈರಿ," ಎನ್ನುತ್ತ ಬಾಗಿಲು ತೆಗೆದ. ದಿನೇಶ್ ಹೆಂಡತಿಯ ಫೋನು ಇಸಿದುಕೊಂಡು, ಅದರಲ್ಲಿದ್ದ ಭಜನೆ ಪದವನ್ನೇ ಹಚ್ಚಿದ. ಧಮ್ ಎಂದಿತು. ಕನ್ನಡಿ ಅದುರಿತು. ಭವ್ಯಾಳ ಕೈಯಲ್ಲಿದ್ದ ಟೀ ತುಳುಕಿತು. ಸುಧಾ ಎರಡೂ ಕಿವಿ ಮುಚ್ಚಿಕೊಂಡು, "ಬ್ಯಾಡ್ರಿ ಈ ದರಿದ್ರ!" ಎಂದು ಕೆಳಗಿಳಿದಳು.

ಹೊರಗೆ ಕಾರಿಗೆ ಕೈಯಾನಿಸಿ ನಿಂತಿದ್ದ ಮಾಲತೇಶಪ್ಪ ಬೆಚ್ಚಿಬಿದ್ದು ಅಂಗೈ ನೋಡಿಕೊಂಡರು. ಮತ್ತೆ ಕಾರಿನ ಮೇಲೆ ಇಟ್ಟರು. ಆಮೇಲೆ ಯಾರನ್ನೂ ಕೇಳದೆ ತಾವೇ ಮುಂದಿನ ಸೀಟಿನಲ್ಲಿ ಕೂತರು.

"ಅಪ್ಪ, ಹೆಂಗೈತೆ?" ಎಂದ ದಿನೇಶ್. ಅವರು ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿತ್ತು. ಎಡಗೈ ತೊಡೆಯ ಮೇಲೆ ಒಂದು ಸಲ ತಪ್ಪಿತು, ಎರಡನೇ ಸಲವೂ ತಪ್ಪಿತು, ಮೂರನೆಯದಕ್ಕೆ ತಾಳ ಸಿಕ್ಕಿತು. ಆಮೇಲೆ ಬಲಗೈಯೂ ಸೇರಿಕೊಂಡಿತು. ಪದದ ನಡುವೆ ತಾಳ ತಿರುಗಿದಲ್ಲಿ ಅವರ ಕೈಯೂ ತಿರುಗಿತು.

"ಡಗ್ಗಾ," ಎಂದರು ಜೋರಾಗಿ. "ಡಗ್ಗಾ ಬರ್ತೈತೆ, ಸುಧಾ!"

ಸುಧಾಳಿಗೆ ಕುಣಿಯಬೇಕೆನಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಧಮ್ ಅನ್ನದು ಎಲ್ಲೈತೆ ಸಾಬ್ರೆ?" ಎಂದಳು.

"ಸೀಟಿನ ಕೆಳಗ್ರಿ. ವೈರ್ ಕಟ್ ಮಾಡಲ್ಲ, ಜೋಡ್ಸದಷ್ಟೇ."

"ಭವ್ಯಾ, ಟಾಪ್ ಮಾಡೆಲ್ ಬ್ಯಾಡಮ್ಮ. ಕೆಳಗಿಂದೇ ಬುಕ್ ಮಾಡು."

ದಿನೇಶ್ ಗೆದ್ದವನಂತೆ ಎದೆಯುಬ್ಬಿಸಿದ. "ನಿಮ್ಗಲ್ಲ," ಎಂದಳು ಸುಧಾ.

ವ್ಯಾಪಾರ ಕುದುರಿತೆಂದುಕೊಂಡ ಮಕ್ತುಮ್ ಸಾಬ್ ಕಾರಿನೊಳಗೆ ಬಗ್ಗಿ, ಹಾಡು ನಿಲ್ಲಿಸಲು ಕೈಚಾಚಿದ. ಮಾಲತೇಶಪ್ಪನವರ ಬಲಗೈ ತೊಡೆಯಿಂದ ಮೇಲೆದ್ದು, ಅಂಗೈ ಅತ್ತಿತ್ತ ತೂಗಿತು. ಎಡಗೈ ತಾಳ ಬಿಟ್ಟಿರಲಿಲ್ಲ.