ಕೆಳಮೂಲೆಯ ಹೆಬ್ಬೆಟ್ಟು

ಹಳೇ ಕಿಟಕಿಯ ಗಾಜು ಬಿಡಿಸುವುದಕ್ಕೆ ಮೂರು ಕೈ ಬೇಕು. ಒಂದರಲ್ಲಿ ಬಿಸಿಗಾಳಿ ಊದುವ ಯಂತ್ರ, ಇನ್ನೊಂದರಲ್ಲಿ ಗಾಜಿನ ಅಂಚಿಗೆ ಮೆತ್ತಿದ ಪುಟ್ಟಿ ಕೆರೆಯುವ ಚಾಕು, ಮತ್ತೊಂದರಲ್ಲಿ ಗಾಜಿಗೆ ಬಿಸಿ ತಾಕದ ಹಾಗೆ ಅಡ್ಡ ಹಿಡಿಯುವ ತಗಡು. ದೇವರು ನನಗೆ ಕೊಟ್ಟಿದ್ದು ಎರಡೇ ಕೈ. ತಗಡು ಹಿಡಿಯುವ ಕೈ ನಮ್ಮವಳದಾಗಿತ್ತು. ಅವಳು ತೀರಿಕೊಂಡ ಮೇಲೆ ತಗಡಿಗೆ ಮರದ ಬೆಣೆ ಕೊಟ್ಟು ನಿಲ್ಲಿಸುತ್ತೇನೆ. ಬೆಣೆ ಆಗಾಗ ಜಾರುತ್ತದೆ, ಆದರೆ ಬಯ್ಯುವುದಿಲ್ಲ. ನಮ್ಮವಳ ಕೈ ಒಮ್ಮೆಯೂ ಜಾರಿದ್ದಿಲ್ಲ, ಬಾಯಿ ಮಾತ್ರ ಕೇಳಬೇಡಿ!

ಈ ಗ್ರಂಥಾಲಯದ ಕಟ್ಟಡ ನಮ್ಮಜ್ಜನಿಗಿಂತ ಹಳೆಯದು. ಮದುವೆಯಾದ ಹೊಸದರಲ್ಲಿ ಇದರ ಕಿಟಕಿಗಳನ್ನೆಲ್ಲ ನಾವಿಬ್ಬರೇ ರಿಪೇರಿ ಮಾಡಿದ್ದೆವು. ಮರದ ಕೆಲಸ ನನ್ನದು, ಗಾಜು ಪುಟ್ಟಿ ಅವಳದು. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ಅವಳು ನಾದಿದರೆ ಪುಟ್ಟಿ ಬೆಣ್ಣೆಯ ಹಾಗೆ ಬರುತ್ತಿತ್ತು. ಈಗ ಮತ್ತೆ ಅದೇ ಕಿಟಕಿಗಳ ಸರದಿ, ನಾನು ಒಬ್ಬನೇ. ಬೆಳಿಗ್ಗೆ ಕೈಗೆ ಬುದ್ಧಿಯಿಲ್ಲದೆ ಇಬ್ಬರಿಗಾಗುವಷ್ಟು ಪುಟ್ಟಿ ನಾದುತ್ತೇನೆ, ಸಂಜೆ ಉಳಿದ ಉಂಡೆಯನ್ನು ಡಬ್ಬಿಗೆ ಹಾಕುತ್ತೇನೆ. ಮನೆಯಲ್ಲಿ ಚಹಾದ ಕಥೆಯೂ ಅಷ್ಟೇ. ಮಕ್ಕಳುಮರಿ ಇಲ್ಲ, ಉಳಿದದ್ದನ್ನು ಕುಡಿಯುವವರೂ ಇಲ್ಲ.

ಮೇಲಿನ ಮಹಡಿಯ ಮೂಲೆಯಲ್ಲಿ ಒಂದು ಕಿಟಕಿಯಿದೆ. ತೆರೆಯುವ ಕಿಟಕಿಯಲ್ಲ, ಚೌಕಟ್ಟಿಗೇ ಗಾಜು ಕೂರಿಸಿದ್ದು. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಅದರ ಹೊರಗಡೆ, ಬಲಗಡೆಯ ಕೆಳಮೂಲೆಯ ಪುಟ್ಟಿಯಲ್ಲಿ, ನಮ್ಮವಳ ಹೆಬ್ಬೆಟ್ಟಿನ ಗುರುತಿದೆ. ಆಗ ಕೆಲಸ ಮುಗಿದ ಖುಷಿಯಲ್ಲಿ ನಾನು ಸುಮ್ಮನಿರಲಾರದೆ ಕೆಣಕಿದ್ದೆ.

"ಎಲ್ಲರೂ ಮರ ನೋಡಿ ಹೊಗಳ್ತಾರೆ ಕಣೇ. ನಿನ್ನ ಪುಟ್ಟಿ ಯಾರು ನೋಡ್ತಾರೆ?"

"ಹೌದಾ? ತಗೊಳ್ಳಿ ಹಾಗಾದ್ರೆ!" ಎಂದು ಹಸಿ ಪುಟ್ಟಿಗೆ ಹೆಬ್ಬೆರಳು ಒತ್ತಿಬಿಟ್ಟಳು. "ನಾನು ಹೋದ ಮೇಲೂ ಇದು ಇಲ್ಲೇ ಇರುತ್ತೆ, ನೋಡ್ತಿರಿ."

ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಹೆಂಗಸು. ಬಟ್ಟೆಬರೆಯನ್ನೆಲ್ಲ ಅವಳ ಅಕ್ಕ ಬಂದು ತೆಗೆದುಕೊಂಡು ಹೋದಳು. ನನಗೆ ಉಳಿದದ್ದು ಈ ಹೆಬ್ಬೆಟ್ಟು ಒಂದೇ. ಈ ಕೆಲಸ ಒಪ್ಪಿಕೊಂಡದ್ದೂ ಅದನ್ನು ನೋಡುವ ಆಸೆಗೇ.

ಹೊರಗೋಡೆಗೆ ಕಟ್ಟಿದ್ದ ಸಾರುವೆಯ ಹಲಗೆಯ ಮೇಲೆ ಕೂತು ನೋಡಿದೆ. ಗುರುತು ಹಾಗೇ ಇತ್ತು, ಬೆರಳಿನ ಗೆರೆಗಳ ಸಮೇತ. ಆದರೆ ಕುಳಿಯಲ್ಲಿ ಹಸಿರು ಪಾಚಿ. ಪಕ್ಕದ ಮರಕ್ಕೆ ಡಬ್ಬಣ ಚುಚ್ಚಿದೆ. ಮಾಗಿದ ಬಾಳೆಹಣ್ಣಿಗೆ ಇಳಿದ ಹಾಗೆ ಇಳಿಯಿತು.

ಪುಟ್ಟಿ ಇಳಿಜಾರಾಗಿ ಇರಬೇಕು, ಬಿದ್ದ ನೀರು ಹಾಗೇ ಜಾರಿಹೋಗಬೇಕು. ಈ ಮಾತನ್ನು ಸಾವಿರ ಸಲ ಹೇಳಿದವಳೇ ಅವಳು. ಅವಳೇ ತಮಾಷೆಗೆ ಒತ್ತಿದ ಕುಳಿಯಲ್ಲಿ ಮಳೆ ನೀರು ನಿಂತೂ ನಿಂತೂ ಮರವನ್ನು ತಿಂದುಹಾಕಿತ್ತು. ಅಯ್ಯೋ ಮಾರಾಯ್ತಿ, ಇಡೀ ಕಟ್ಟಡದಲ್ಲಿ ನೀನು ಮಾಡಿದ ತಪ್ಪು ಇದೊಂದೇ, ಅದನ್ನೂ ನನಗಾಗಿಯೇ ಮಾಡಿದೆಯಲ್ಲೇ!

ಅಷ್ಟರಲ್ಲಿ ಗ್ರಂಥಾಲಯದ ಉಸ್ತುವಾರಿ ಮೇಡಂ ಪಕ್ಕದ ತೆರೆದ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮೇಸ್ತ್ರಿ, ನಾಳೆ ಬೆಳಿಗ್ಗೆ ಸಾರುವೆ ಬಿಚ್ತಾರೆ. ಇದೊಂದೇ ತಾನೇ ಉಳಿದಿರೋದು?"

"ಇದೊಂದೇ ಮೇಡಂ. ಕೆಳಗಡೆ ಮರ ಕೊಳೆತಿದೆ. ಪುಟ್ಟಿ ಪೂರ್ತಿ ಕೀಳಬೇಕು."

ನನ್ನ ಮುಖ ಹೇಗಿತ್ತೋ ಏನೋ, ಅವರ ದನಿ ಮೆತ್ತಗಾಯಿತು.

"ಅಷ್ಟೊಂದು ಕಷ್ಟಪಡಬೇಡಿ. ಮೇಲೆ ಬಣ್ಣ ಬಳಿದುಬಿಡಿ, ಇಷ್ಟು ಎತ್ತರದಲ್ಲಿ ಯಾರು ನೋಡ್ತಾರೆ?"

ನನಗೂ ಬೇಕಾದದ್ದು ಅದೇ ಮಾತು. ಮುಚ್ಚಿಡುವುದೇನು, ಬಣ್ಣದ ಡಬ್ಬಿಯ ಮುಚ್ಚಳ ತೆಗೆದೇಬಿಟ್ಟೆ. ಕಿಟಕಿ, ಹೆಬ್ಬೆಟ್ಟು ಎರಡೂ ಇನ್ನು ಕೆಲವು ಮಳೆಗಾಲ ಹೇಗೋ ತಳ್ಳುತ್ತವೆ. ಅಷ್ಟು ಹೊತ್ತಿಗೆ ನಾನೂ ಗಂಟುಮೂಟೆ ಕಟ್ಟಿರುತ್ತೇನೆ. ಆಮೇಲೆ ಕಿಟಕಿ ಉದುರಿದರೆ ನನಗೇನು?

ಕುಂಚ ಅದ್ದಿದವನು ಹಾಗೇ ಕೂತೆ. ಒಮ್ಮೆ ನಾನೇ ಅವಸರದಲ್ಲಿ ಹಚ್ಚಿದ ಪುಟ್ಟಿಯನ್ನು ನಮ್ಮವಳು ಉಗುರಿನಲ್ಲಿ ಕೆದಕಿ ನೋಡಿ, "ಇದನ್ನ ಕಿತ್ತುಹಾಕ್ರೀ, ನಾಚಿಕೆಯಾಗಲ್ವಾ?" ಎಂದು ಊಟವಿಲ್ಲದೆ ಕೂರಿಸಿದ್ದಳು. ಆ ದನಿ ಕಿವಿಯಲ್ಲೇ ಇತ್ತು. ಕುಂಚವನ್ನು ಒರೆಸಿ ಇಟ್ಟೆ.

ಬೆಣೆ ಕೊಟ್ಟು ತಗಡು ನಿಲ್ಲಿಸಿದೆ. ಪಾಚಿ ಒರೆಸಿ ಯಂತ್ರ ಹಚ್ಚಿದೆ. ಕಲ್ಲಾಗಿದ್ದ ಪುಟ್ಟಿ ನಿಧಾನಕ್ಕೆ ಮೆತ್ತಗಾಯಿತು. ಅಗಸೆ ಎಣ್ಣೆಯ ವಾಸನೆ ಎದ್ದಿತು. ಅದು ಅವಳ ಕೈಯ ವಾಸನೆ. ಎಷ್ಟು ಸೋಪು ಹಾಕಿ ತೊಳೆದರೂ ಹೋಗದೆ, ರಾತ್ರಿ ದಿಂಬಿನವರೆಗೂ ಬರುತ್ತಿದ್ದ ವಾಸನೆ. ತಡೆಯಲಾಗಲಿಲ್ಲ. ಯಂತ್ರ ಕೆಳಗಿಟ್ಟು ನನ್ನ ಹೆಬ್ಬೆರಳನ್ನು ಆ ಕುಳಿಯಲ್ಲಿ ಇಟ್ಟೆ.

ಬೆಚ್ಚಗಿತ್ತು. ಅವಳ ಕೈ ಹಿಡಿದಷ್ಟೇ ಬೆಚ್ಚಗಿತ್ತು. ಅಲ್ಲೇ, ಅಷ್ಟೆತ್ತರದಲ್ಲಿ, ಬೀದಿಯ ಜನ ತಲೆಯೆತ್ತಿದರೆ ಕಾಣುವಂತೆ ಕೂತು ಅತ್ತೆ.

ಬೆರಳು ತೆಗೆದಾಗ ನೋಡುತ್ತೇನೆ, ಅಲ್ಲಿದ್ದದ್ದು ನನ್ನ ಗುರುತು. ಉಳಿ ಹಿಡಿದು ದಪ್ಪಗಾದ, ಗಾಯದ ಗೀರು ಬಿದ್ದ ನನ್ನದೇ ಹೆಬ್ಬೆಟ್ಟು. ಅವಳದು ಹೋಗಿತ್ತು. ಬೇರೆ ಯಾರೂ ಅಳಿಸಲಿಲ್ಲ, ನಾನೇ ಮುಟ್ಟಿ ಅಳಿಸಿದ್ದೆ.

ಆಮೇಲೆ ಕೆರೆಯುವುದು ಕಷ್ಟವಾಗಲಿಲ್ಲ. ಗಾಜನ್ನು ಬಿಡಿಸಿ ಇಟ್ಟೆ. ಕೊಳೆತಷ್ಟನ್ನು ಉಳಿಯಿಂದ ತೆಗೆದು, ಹಳೇ ತೇಗದ ಒಂದು ತುಂಡು ಕೂಡಿಸಿದೆ. ಗಾಜನ್ನು ಮತ್ತೆ ಕೂರಿಸಿ, ಬೆಳಿಗ್ಗೆ ನಾದಿದ್ದ ಹೊಸ ಪುಟ್ಟಿಯನ್ನು ಅವಳು ಹೇಳಿಕೊಟ್ಟ ಹಾಗೆ ಇಳಿಜಾರಾಗಿ ಎಳೆದೆ. ಆ ದಿನ ಡಬ್ಬಿಗೆ ಹಾಕುವಷ್ಟು ಉಳಿಯಲಿಲ್ಲ. ಹೊತ್ತು ಇಳಿಯುವಾಗ ಕುಡಿಯುವ ನೀರಿನ ಬಾಟಲಿ ತೆಗೆದು ಗಾಜಿನ ಮೇಲೆ ಸುರಿದೆ. ನೀರು ಮೂಲೆಯವರೆಗೆ ಬಂದು, ಒಂದು ಹನಿಯೂ ನಿಲ್ಲದೆ ಜಾರಿಹೋಯಿತು.

"ನೋಡೇ, ನಿಲ್ಲಲಿಲ್ಲ!" ಎಂದೆ, ಜೋರಾಗಿಯೇ.

ಪಕ್ಕದ ಕಿಟಕಿ ಮುಚ್ಚಲು ಬಂದ ಮೇಡಂ ಇಣುಕಿ ನೋಡಿದರು.

"ಯಾರ ಜೊತೆ ಮಾತಾಡ್ತಿದ್ದೀರಿ ಮೇಸ್ತ್ರಿ? ಅಲ್ಲಿ ಇನ್ಯಾರಿದ್ದಾರೆ?"

ಬೆಣೆಯನ್ನು ಜೇಬಿಗೆ ಹಾಕಿಕೊಂಡೆ.

"ಯಾರೂ ಇಲ್ಲ ಮೇಡಂ," ಎಂದೆ.