ನಾನೇ ಕರೆದ ಬೀಗದವನು

ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದಾಗ ಕೋಣೆಯ ಬೀಗ ಸಿಕ್ಕಿಕೊಂಡು, ಒಳಗಿದ್ದ ಮಗಳು ಕಿರುಚತೊಡಗಿದಳು. ಬೇರೆ ದಾರಿ ಕಾಣದೆ ಪಕ್ಕದ ಮನೆಯ ಬೀಗ ರಿಪೇರಿಯವನನ್ನು ಕರೆದೆ. ಕಳ್ಳತನಕ್ಕೆ ಜೈಲು ಕಂಡು ಬಂದವನು. ಅವನನ್ನು ನಮ್ಮ ಹೊಸ್ತಿಲು ದಾಟಲು ಬಿಡುವುದಿಲ್ಲವೆಂದು ಅಣ್ಣನಿಗೆ ಮಾತು ಕೊಟ್ಟಿದ್ದೆ.

ಅವನು ಬಾಗಿಲ ಮುಂದೆ ಕುಳಿತು ತಂತಿ ತೂರಿಸಿದ. "ಅಳಬೇಡ ಪುಟ್ಟಿ. ಇಪ್ಪತ್ತು ಎಣಿಸು, ಅಷ್ಟರಲ್ಲಿ ತೆಗೀತೀನಿ."

ಮಗಳು ಏಳು ಎನ್ನುವಷ್ಟರಲ್ಲಿ ಅಣ್ಣ ಬಂದ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ, ಅಲ್ವೇನೋ?" ಎಂದವನೇ ನೆಲದಲ್ಲಿದ್ದ ಸುತ್ತಿಗೆ ಎತ್ತಿ ಅವನ ಬಲಗೈ ಮೇಲೆ ಹೊಡೆದ. ಬೆರಳು ಮುರಿದ ಸದ್ದು ನನಗೂ ಕೇಳಿಸಿತು.

"ಅಕ್ಕನ್ನೇ ಕೇಳಿ," ಎಂದ ಅವನು ನರಳುತ್ತ.

ಅಣ್ಣ ನನ್ನತ್ತ ನೋಡಿದ. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಮುಂದಿನ ಏಟು ಅವನ ಬಾಯಿಗೆ ಬಿತ್ತು. ಒಳಗಿನಿಂದ ಅಳುತ್ತಲೇ "ಹನ್ನೊಂದು" ಎಂಬ ದನಿ ಬಂದಾಗ ಮಾತ್ರ ಅಣ್ಣನ ಕೈ ನಿಂತಿತು.

ಬೀಗದವನು ರಕ್ತ ಉಗುಳಿ, ಎಡಗೈಯಲ್ಲಿ ತಂತಿ ತಿರುಗಿಸಿ ಬಾಗಿಲು ತೆರೆದ. ಯಾರನ್ನೂ ನೋಡದೆ ಹೊರಟುಹೋದ.

ನಾನು ನೆಲದ ರಕ್ತ ಒರೆಸುವುದನ್ನು ಮಗಳು ನೋಡುತ್ತ ನಿಂತಿದ್ದಳು. ಆಮೇಲೆ ಕೇಳಿದಳು:

"ಅಮ್ಮಾ, ಅಂಕಲ್‌ನ ಕರೆದಿದ್ದು ನೀನೇ ಅಂತ ಮಾಮಂಗೆ ಯಾಕೆ ಹೇಳ್ಲಿಲ್ಲ?"